ಸೀಸದ ಸಿಪಾಯಿಗಳಿಗೆ ಕಣ್ಣು ಬರೆದದ್ದು

ಕುಂಚ ಬಿತ್ತು. ಮಾವ ಎತ್ತಿಕೊಂಡ. ಮತ್ತೆ ಬಿತ್ತು.

"ಯಾಕ ಮಾವ, ಏನಾತು?"

"ಸುಮ್ನಿರಲೇ. ಎಣ್ಣಿ ಕೈ, ಜಾರ್ತು."

ಅವನ ಎಡಗೈಯಲ್ಲಿ ಕುದುರೆ ಸಿಪಾಯಿ ಇತ್ತು. ಸೀಸದ್ದು, ಹೆಬ್ಬೆರಳಿಗಿಂತ ಚೂರು ಉದ್ದ. ಒಂದು ಕಣ್ಣು ಬರೆದು ಆಗಿತ್ತು, ಇನ್ನೊಂದು ಬಾಕಿ. ಮಾವ ಮೂರನೇ ಸಲ ಕುಂಚ ಹಿಡಿಯಲು ಹೋದ. ತೋಳು ಮೇಲೆ ಬಂತು, ಮುಂಗೈ ಬರಲಿಲ್ಲ. ಕುತ್ತಿಗೆ ಮುರಿದ ಕೋಳಿಯ ಹಾಗೆ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು.

ನಾನು ನಕ್ಕೆ. ಆಟ ಆಡುತ್ತಿದ್ದಾನೆ ಅಂದುಕೊಂಡೆ. ಮಾವನಿಗೆ ಅಂಥ ಚೇಷ್ಟೆ ರೂಢಿ ಇತ್ತು.

"ನಗಬ್ಯಾಡಲೇ," ಅಂದ. "ಕೈ ಏಳ್ವಲ್ದು."

ಅವನ ಮುಖ ನೋಡಿದೆ. ಬೇರೆ ಯಾರದೋ ಕೈಯನ್ನು ತಂದು ತನ್ನ ತೊಡೆಯ ಮೇಲೆ ಇಟ್ಟಿದ್ದಾರೆ ಅನ್ನುವ ಹಾಗೆ ಅದನ್ನೇ ನೋಡುತ್ತಿದ್ದ. ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದಳು. ಕೈ ಹಿಡಿದು ಎತ್ತಿದಳು. ಬಿಟ್ಟಳು. ಬಿತ್ತು. ಮತ್ತೆ ಎತ್ತಿದಳು. ಮತ್ತೆ ಬಿತ್ತು.

"ಅವ್ವಾ ತಾಯೀ," ಅಂದವಳೇ ನೆಲಕ್ಕೆ ಕುಸಿದಳು.

ಅವಳು ಕರೆದದ್ದು ತನ್ನ ತಾಯಿಯನ್ನಲ್ಲ. ಕುರುಗೋಡಿನ ಊರಮ್ಮನನ್ನು. ಮಾವನ ಊರು ಕುರುಗೋಡು, ಅವರದು ಬಣ್ಣದ ಮನೆತನ. ಊರಮ್ಮನದು ಕಟ್ಟಿಗೆಯ ಮೂರ್ತಿ. ಬಣ್ಣ ಮಾಸಿದಾಗ ಹಳೆಯದನ್ನೆಲ್ಲ ಕೆರೆದು ಹೊಸದು ಹಚ್ಚಬೇಕು. ಕಡೆಗೆ ಕಣ್ಣು ಬರೆಯಬೇಕು. ಕಣ್ಣು ಬರೆಯುವ ಹಕ್ಕು ಮಾವನ ಮನೆಯದು, ಬೇರೆ ಯಾರೂ ಮುಟ್ಟುವಂತಿಲ್ಲ. ಅಮ್ಮನಿಗೆ ಕಣ್ಣಿಲ್ಲದಷ್ಟು ದಿನ ಊರಲ್ಲಿ ಮದುವೆ ಇಲ್ಲ, ಹೊಸ ಮನೆಗೆ ಪಾಯ ಇಲ್ಲ. ಆ ವರ್ಷ ದೀಪಾವಳಿ ಕಳೆದ ಮೇಲೆ ಬರೆಯಬೇಕು ಅಂತ ಊರವರು ಹೇಳಿ ಕಳಿಸಿದ್ದರು. ಮೂರ್ತಿಯನ್ನು ಕೆರೆದು, ಪರದೆ ಕಟ್ಟಿ ಇಟ್ಟಿದ್ದೂ ಆಗಿತ್ತು. ಮಾವನಿಗೆ ಗಂಡು ಮಕ್ಕಳಿಲ್ಲ. ಇದ್ದದ್ದು ಅವನ ಬಲಗೈ ಒಂದೇ.

ಅದು ಶ್ರಾವಣ. ಬಿಳಿಯರು ದೇಶ ಬಿಟ್ಟು ಹೋಗಿ ಒಂದೆರಡು ವರ್ಷ ಆಗಿತ್ತು.

ನಾನು ಸಿರುಗುಪ್ಪದವನು. ಸಾಲಿ ಬಿಟ್ಟು ಅಲ್ಲಿ ಇಲ್ಲಿ ಅಲೆಯುತ್ತಿದ್ದೆ. ಮೀಸೆ ಬಂದ ಮೇಲೂ ಉಂಡಾಡಿ ತಿರುಗುವುದನ್ನು ನೋಡಲಾಗದೆ ಅವ್ವ ತನ್ನ ತಮ್ಮನ ಹಿಂದೆ ಬಳ್ಳಾರಿಗೆ ಅಟ್ಟಿದಳು. ಕೌಲ್ ಬಜಾರಿನಲ್ಲಿ ಮಾವನದು ಒಂದೇ ಖೋಲಿ. ಅದರಲ್ಲೇ ಒಲೆ, ಅದರಲ್ಲೇ ಕೆಲಸ, ಅದರಲ್ಲೇ ನಿದ್ದೆ. ಎತ್ತಿನ ಗಾಡಿಗೆ, ತೊಟ್ಟಿಲಿಗೆ, ಅಂಗಡಿ ಬೋರ್ಡಿಗೆ ಬಣ್ಣ ಹಚ್ಚುತ್ತಿದ್ದೆವು. ಬೋರ್ಡಿನ ಅಕ್ಷರ ನನಗೆ ಓದಲು ತಡವಾಗುತ್ತಿತ್ತು, ಬರೆಯಲು ತಡವಾಗುತ್ತಿರಲಿಲ್ಲ.

ಸೀಸದ ದಂಡು ಬಂದದ್ದು ರಾಯರಿಂದ. ರಾಯರು ಕಚೇರಿಯಲ್ಲಿ ಗುಮಾಸ್ತರು, ವೈಷ್ಣವರು. ಪ್ರತಿ ದಸರೆಗೆ ಅವರ ಮನೆಯಲ್ಲಿ ಗೊಂಬೆ ಕೂಡಿಸುತ್ತಿದ್ದರು. ದಂಡಿನ ಬಂಗಲೆಯೊಂದರಲ್ಲಿ ಬಿಳಿ ದೊರೆ ಸಾಮಾನು ಹರಾಜು ಹಾಕಿ ಹೋದಾಗ ರಾಯರು ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದಿದ್ದರು. ಒಳಗೆ ಹತ್ತಿಯಲ್ಲಿ ಸುತ್ತಿದ ಸಿಪಾಯಿಗಳು. ಕಾಲಾಳು, ಕುದುರೆಯವರು, ತಮಟೆಯವರು, ಒಂದು ತೋಪು. ಕೆಂಪು ಕೋಟು, ಬಿಳಿ ಮುಖ. ಒಳಗೆ ಪೊಳ್ಳು. ಬಣ್ಣ ಅಲ್ಲಲ್ಲಿ ಹಾರಿಹೋಗಿತ್ತು.

"ಇವನ್ನ ನಮ್ಮೋರನ್ನಾಗಿ ಮಾಡ್ಬೇಕಪ್ಪಾ," ಅಂದರು ರಾಯರು. "ಮಣ್ಣಿನ ಕೋಟಿ ನಾನು ಮಾಡಿಸ್ತೀನಿ, ನಮ್ಮ ಬಳ್ಳಾರಿ ಗುಡ್ಡದ್ದೇ. ಮ್ಯಾಲೆ ಪಾಳೇಗಾರನ ಮಂದಿ ನಿಲ್ಲಬೇಕು, ಕೆಳಗೆ ಮುತ್ತಿಗಿ ಹಾಕಿದ ನವಾಬನ ದಂಡು."

ಮಾವ ಒಂದನ್ನು ಎತ್ತಿ ತಿರುಗಿಸಿ ನೋಡಿದ. "ರಾಯರ, ಇವನ ತಲಿಮ್ಯಾಲೆ ಬಕೀಟು ಬೋರಲು ಹಾಕ್ಯಾರಲ್ರೀ!"

"ಅದನ್ನ ಅರ ಹಾಕಿ ತಿಕ್ಕು, ರುಮಾಲು ಸುತ್ತು."

ಹಾಗೇ ಮಾಡಿದೆವು. ಅರದಿಂದ ಟೋಪಿ ತಿಕ್ಕುವುದು ನನ್ನ ಕೆಲಸ. ಸೀಸದ ಪುಡಿ ಚಾಪೆಯ ಮೇಲೆಲ್ಲ ಬೂದಿಯ ಹಾಗೆ ಉದುರುತ್ತಿತ್ತು. ಬೋಳಾದ ತಲೆಗೆ ಅರಗು ಹಚ್ಚಿ, ಅದರ ಮೇಲೆ ನೂಲು ಸುತ್ತಿದರೆ ರುಮಾಲು. ನವಾಬನ ಕಡೆಯವರಿಗೆ ಒಂದು ಥರ, ಪಾಳೇಗಾರನ ಕಡೆಯವರಿಗೆ ಒಂದು ಥರ ಅಂತ ಇತ್ತು, ಮೊದಲು ಪಾಳೇಗಾರನವರನ್ನೇ ಹಿಡಿದೆವು. ಯಾವ ರುಮಾಲಿಗೆ ಯಾವ ಬಣ್ಣ ಅಂತ ರಾಯರು ಪುಸ್ತಕ ನೋಡಿ ಹೇಳುತ್ತಿದ್ದರು.

ಮೈಬಣ್ಣಕ್ಕೆ ಬಂದಾಗ ಜಗಳ.

"ಗೋಧಿ ಬಣ್ಣ ಹಚ್ಚಪ್ಪಾ," ಅಂದರು ರಾಯರು.

"ಬಿಸಿಲಾಗ ಗುಡ್ಡ ಕಾಯೋರು ಗೋಧಿ ಬಣ್ಣ ಹೆಂಗಿರ್ತಾರ್ರೀ? ನನ್ನ ನೋಡ್ರಿ. ನೆಳ್ಳಾಗ ಕುಂತು ದುಡೀತೀನಿ. ಹೆಂಗದೀನಿ?"

ರಾಯರು ನೋಡಿದರು. "ಆತು, ನಿನ್ನ ಬಣ್ಣಾನೇ ಹಚ್ಚು."

"ಎಲ್ಲಾರ್ಗೂ ನನ್ನ ಬಣ್ಣ ಹಚ್ಚಿದ್ರ ದಂಡೆಲ್ಲಾ ನನ್ನ ಅಣ್ತಮ್ರ ಆಕ್ಕಾರ. ಆಸ್ತಿ ಪಾಲು ಕೇಳಿದ್ರ ನೀವ ಕೊಡ್ಬೇಕು ನೋಡ್ರಿ."

ರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಒಲೆಯ ಮುಂದಿನಿಂದಲೇ, "ಆಸ್ತಿ ಅಂತ ಆಸ್ತಿ! ಒಡದ ಗಡಿಗಿ ಒಂದೈತಿ," ಅಂದಳು.

ಕಣ್ಣಿಗೆ ಇಡುವ ಬಿಳಿ ಬಣ್ಣ ಮಾವನ ಮನೆತನದ್ದು ಬೇರೆ. ಸುಣ್ಣದಂಥ ಮೆತ್ತನೆಯ ಕಲ್ಲನ್ನು ಅರೆದು ಅಂಟಿನಲ್ಲಿ ಕಲಸುತ್ತಾರೆ. ಕಟ್ಟಿಗೆಯ ಮೇಲೆ ಅದು ಕಚ್ಚಿ ಕೂರುತ್ತದೆ. ಸೀಸದ ಮೇಲೆ ಒಣಗಿದ್ದೇ ಹಪ್ಪಳದ ಹಾಗೆ ಎದ್ದು ಬಂತು. ಬಜಾರಿನ ಬೋರ್ಡಿನವನೊಬ್ಬ, ಸಫೇದ ಅನ್ನುವ ಬಿಳಿ ಪುಡಿ ತಗೋ, ಅಗಸೆ ಎಣ್ಣೆಯಲ್ಲಿ ಕಲಸು, ಕಬ್ಬಿಣಕ್ಕೂ ಹಿಡಿಯುತ್ತದೆ ಅಂದ. ಮಾವ ಸಫೇದದ ಡಬ್ಬಿ ತಂದ. ಹಿಡಿಯಿತು. ಎಷ್ಟು ಬೆಳ್ಳಗೆ ಅಂದರೆ, ಸಿಪಾಯಿಗಳು ನಮ್ಮನ್ನೇ ಮಿಕಿಮಿಕಿ ನೋಡುತ್ತಿದ್ದರು.

ಕಣ್ಣು ಬರೆಯುವುದಕ್ಕೆ ಮಾವನ ಮನೆಯಲ್ಲಿ ಒಂದು ರೀತಿ ಇದೆ. ಸ್ನಾನ ಮಾಡಿ ಕೂರಬೇಕು. ಉಳ್ಳಾಗಡ್ಡಿ ತಿಂದಿರಬಾರದು. ಮಾತಾಡಬಾರದು. ಅಳಿಲ ಬಾಲದ ಕೂದಲಿನ ಕುಂಚ. ಅದರ ಮೊನೆಯನ್ನು ನೀರಿನಲ್ಲಿ ಮಾಡಬಾರದು, ನಾಲಿಗೆಯ ಮೇಲೆ ಮಾಡಬೇಕು. ಬಿಳಿ ಇಡುವ ಮುಂಚೆ ಒಮ್ಮೆ, ಕಪ್ಪು ಇಡುವ ಮುಂಚೆ ಒಮ್ಮೆ.

ಯಾಕೆ ಅಂತ ಕೇಳಿದ್ದೆ.

"ನೀರಾಗ ಅದ್ದಿದ ಕುಂಚಕ್ಕ ಬರೇ ನೀರು ಹತ್ತತೈತಿ. ನಾಲಿಗಿಮ್ಯಾಲೆ ಇಟ್ರ ಉಸಿರು ಹತ್ತತೈತಿ. ಉಸಿರು ಇಲ್ಲದ ಕಣ್ಣು ಕಣ್ಣೇನಲೇ, ಬೊಟ್ಟು."

"ಇವು ದೇವರಲ್ಲಲ್ಲ, ಸಿಪಾಯಿ."

"ಕಣ್ಣು ಕಣ್ಣಽ."

ಊರಮ್ಮನಿಗೆ ಬರೆಯುವುದು ಅಪರೂಪಕ್ಕೊಮ್ಮೆ, ಎರಡೇ ಕಣ್ಣು. ಇಲ್ಲಿ ಹಲಗೆ ತುಂಬ ಸಿಪಾಯಿ. ಮಾವ ಒಂದು ಕಣ್ಣಿಗೂ ರೀತಿ ತಪ್ಪಿಸಲಿಲ್ಲ. ಕುದುರೆಗಳ ಕಣ್ಣನ್ನು ನನಗೆ ಬಿಟ್ಟ. ನಾನೂ ನಾಲಿಗೆಯ ಮೇಲೆ ಮೊನೆ ಮಾಡುತ್ತಿದ್ದೆ. ಬಣ್ಣ ಚೂರು ಸಿಹಿ ಇರುತ್ತಿತ್ತು.

"ನೋಡಲೇ," ಅನ್ನುತ್ತಿದ್ದ ಮಾವ, "ಕಂಟ್ರೋಲ್ ಅಂಗಡ್ಯಾಗ ಸಕ್ರಿ ಸಿಗವಲ್ದು, ಡಬ್ಬಿಯಾಗ ಸಿಗತೈತಿ."

ಇಬ್ಬರೂ ನಗುತ್ತಿದ್ದೆವು.

ಮಾವನಿಗೆ ಆಗಾಗ ಹೊಟ್ಟೆ ಹಿಂಡುತ್ತಿತ್ತು. ಮಂಡಿ ಎದೆಗೆ ಹಚ್ಚಿ ಮಲಗಿಬಿಡುತ್ತಿದ್ದ. ಮೆಣಸಿನಕಾಯಿ ಜಾಸ್ತಿ ಆಯಿತು ಅಂತ ಅತ್ತೆಯನ್ನು ಬೈಯುತ್ತಿದ್ದ. ಅವಳು ಖಾರ ಕಡಿಮೆ ಮಾಡಿದಳು. ಸಪ್ಪೆ ಮಾಡಿದಳು ಅಂತ ಅದಕ್ಕೂ ಬೈದ.

ಆಮೇಲೆ ಆ ದಿನ ಕುಂಚ ಬಿತ್ತು.

ಅತ್ತೆ ಅವತ್ತೇ ಕಾರಣ ಹುಡುಕಿಬಿಟ್ಟಳು. "ಊರಮ್ಮಗ ಬರ್ಯೋ ಕೈಲೆ, ಊರಮ್ಮನ ರೀತಿಲೆ ಸತ್ತ ಫೌಜಿನೋರ್ಗೆ ಕಣ್ಣು ಕೊಟ್ಟಿ. ಆಕಿ ಅಲ್ಲಿ ಪರದೇದಾಗ ಕಣ್ಣಿಲ್ದ ಕುಂತಾಳ. ಸಿಟ್ಟು ಬರದ ಇರ್ತೈತೇನು? ಕೈ ಹಿಡದಾಳ."

ಮಾವ ಇಲ್ಲ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ನನಗೂ ಹಾಗೇ ಅನ್ನಿಸಿತು. ಬೇರೆ ಯಾವ ಕಾರಣ ಇತ್ತು? ಪೆಟ್ಟು ಬಿದ್ದಿಲ್ಲ, ಜ್ವರ ಬಂದಿಲ್ಲ, ಹಾವು ಕಡಿದಿಲ್ಲ. ಕೂತಲ್ಲೇ ಕೈ ಸತ್ತಿತು.

ಕಣ್ಣು ಬಂದ ಮೂರ್ತಿ ಭಿನ್ನವಾದರೆ ಹೊಳೆಗೆ ಬಿಡುವುದು ಪದ್ಧತಿ. ಒಂದೇ ಕಣ್ಣಿನ ಆ ಕುದುರೆ ಸಿಪಾಯಿಯೇ ಪಿಡುಗು ಅಂತ ಅತ್ತೆಗೆ ಖಾತ್ರಿ ಆಯಿತು. ಅರ್ಧ ಜೀವ ಬಂದಿದೆ, ಅರ್ಧ ಬಂದಿಲ್ಲ, ಅದಕ್ಕೇ ಬರೆದವನ ಕೈ ಎಳೆಯುತ್ತಿದೆ. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ರಾಯರ ಮನೆಗೆ ಹೋದಳು. ಹಿಂದೆ ನಾನು.

"ರಾಯರ, ಇದನ್ನ ಹೊಳಿಗಿ ಬಿಡ್ತೀನ್ರಿ. ನಿಮ್ಮ ವಸ್ತು, ಕೇಳಾಕ ಬಂದೀನಿ."

"ಅದು ಆಟಿಗಿ ಸಾಮಾನಮ್ಮಾ!"

"ಕಣ್ಣು ಬಂದ ಮ್ಯಾಲೆ ಆಟಿಗಿ ಸಾಮಾನಲ್ರಿ."

"ಮೊದ್ಲು ದೊಡ್ಡಾಸ್ಪತ್ರಿಗೆ ಕರ್ಕೊಂಡು ಹೋಗೋಣ."

"ಅವ್ವ ಹಿಡದ ಕೈನ ಡಾಕ್ಟ್ರು ಬಿಡಸ್ತಾನೇನ್ರಿ?"

ರಾಯರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರಿಗೂ ಒಳಗೆ ಅಳುಕು ಇತ್ತೋ ಏನೋ, ಕಡೆಗೆ ಕೈ ಮುಗಿದು, "ತಗೊಂಡ್ಹೋಗಮ್ಮಾ," ಅಂದರು.

ಮಾವ, ಅತ್ತೆ, ನಾನು ಮೂವರೂ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದೆವು. ಅಲ್ಲಿಂದ ಗಾಡಿಯಲ್ಲಿ ಕೆಂಚನಗುಡ್ಡ. ತುಂಗಭದ್ರೆ ಕೆಂಪಗೆ, ತುಂಬಿ ಹರಿಯುತ್ತಿತ್ತು. ಮಾವ ಎಡಗೈಯಿಂದ ಸಿಪಾಯಿಯನ್ನು ಬಿಟ್ಟ. ಬುಳಕ್ ಅನ್ನಲೂ ಇಲ್ಲ, ಹೋಯಿತು. ಅತ್ತೆ ಕಾಯಿ ಒಡೆದಳು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು ಮೂವರೂ ಮಾವನ ಬಲಗೈಯನ್ನೇ ನೋಡಿದೆವು. ಈಗ ಎದ್ದೀತು, ಈಗ ಎದ್ದೀತು ಅಂತ. ದನ ಮೇಯಿಸುವವನೊಬ್ಬ ಬಂದು, "ಕೈಯಾಗ ಏನ್ ಸಿಕ್ಕೈತ್ರೀ, ಎಲ್ಲಾರೂ ನೋಡಾಕ ಹತ್ತೀರಿ?" ಅಂದ. ಮಾವ ಕೈಯನ್ನು ಧೋತ್ರದೊಳಗೆ ಮುಚ್ಚಿಕೊಂಡ.

ಏಳಲಿಲ್ಲ. ಬಳ್ಳಾರಿಗೆ ಬಂದ ಮೇಲೆ ಎಡಗೈಯ ಎರಡು ಬೆರಳೂ ಸೋಲತೊಡಗಿದವು. ಹೊಟ್ಟೆ ಹಿಂಡಿದರೆ ಓಣಿಯವರಿಗೆಲ್ಲ ಕೇಳುವ ಹಾಗೆ ಚೀರುತ್ತಿದ್ದ. ರಾಯರು ಒಂದು ಬೆಳಿಗ್ಗೆ ಜಟಕಾ ತಂದು ಬಾಗಿಲಲ್ಲಿ ನಿಲ್ಲಿಸಿ, "ನಡೀರಿ, ಇವತ್ತು ಯಾರ ಮಾತೂ ಕೇಳೋದಿಲ್ಲ," ಅಂದರು.

ದೊಡ್ಡಾಸ್ಪತ್ರೆಯ ಡಾಕ್ಟರು ತೆಲುಗಿನವರು. ಕೈ ನೋಡಲಿಲ್ಲ. ಮೊದಲು, "ಏಮಯ್ಯಾ, ನೋರು ತೆರುವು," ಅಂದರು. ಬಾಯಿ ತೆರೆ ಅಂತ. ತುಟಿ ಕೆಳಗೆ ಎಳೆದು ಒಸಡು ನೋಡಿದರು. ಬಹಳ ಹೊತ್ತು ನೋಡಿದರು.

"ಪ್ರೆಸ್ಸಿನಲ್ಲಿ ಸೀಸದ ಅಚ್ಚು ಜೋಡಿಸ್ತಿಯಾ?"

"ಇಲ್ರೀ. ಗೊಂಬಿಗಿ ಬಣ್ಣ ಹಚ್ತೀನಿ. ಸೀಸದ ಗೊಂಬಿ."

"ಯಾವ ಬಣ್ಣ?"

"ಸಫೇದ."

"ಕುಂಚ ಬಾಯಲ್ಲಿ ಇಡ್ತಿಯಾ?"

ಮಾವ ಎದೆ ಸೆಟೆಸಿ ಹೇಳಿದ, "ಕಣ್ಣು ಬರ್ಯಾಕ ಮಾತ್ರ ರೀ. ಅದು ನಮ್ಮನಿ ರೀತಿ."

ಡಾಕ್ಟರು ಕನ್ನಡಕ ತೆಗೆದರು. "ವಿಷ ಅಯ್ಯಾ ಅದು. ಸಫೇದ ಅಂದ್ರೆ ಸೀಸವೇ. ದಿನಾ ಚೂರು ಚೂರು ನೀನೇ ತಿಂದಿದೀಯ. ಕೈಗೆ ಹೋಗೋ ನರ ಸತ್ತಿದೆ."

ಮಾವನಿಗೆ ತಲೆಗೆ ಹೋಗಲಿಲ್ಲ. "ಹಂಗಾರ... ಅವ್ವ ಅಲ್ಲ?"

"ಯಾವ ಅವ್ವ?"

ಡಾಕ್ಟರು ನನ್ನ ಕಡೆ ತಿರುಗಿ, "ನೀನೂ ಇದೇ ಕೆಲಸನಾ? ಬಾ," ಅಂದರು. ನನ್ನ ತುಟಿ ಎಳೆದರು. ಗೋಡೆಗೆ ತೂಗುಹಾಕಿದ್ದ ಕನ್ನಡಿಯ ಮುಂದೆ ನಿಲ್ಲಿಸಿದರು. ನನ್ನ ಹಲ್ಲಿನ ಬುಡದಲ್ಲಿ, ಒಸಡಿನ ಅಂಚಿಗೆ, ತೆಳ್ಳಗೆ ನೀಲಿ ಗೆರೆ. ಕುಂಚದಲ್ಲಿ ಎಳೆದ ಹಾಗೆ ನೀಟಾಗಿ ಇತ್ತು. ಬೆರಳಿನಿಂದ ಉಜ್ಜಿದೆ. ಹೋಗಲಿಲ್ಲ. ದಿನಾ ಹಲ್ಲು ಉಜ್ಜುವ ಬಾಯಿ ಅದು. ಅದರೊಳಗೆ ಇಷ್ಟು ದಿನ ಏನು ಕೂತಿತ್ತು ಅಂತ ನನಗೇ ಗೊತ್ತಿರಲಿಲ್ಲ.

ಅತ್ತೆ ಕರೆಯದೇ ಬಂದು ತಾನೂ ಬಾಯಿ ತೆರೆದಳು. ಎಲೆ ಅಡಿಕೆಯಿಂದ ಒಳಗೆಲ್ಲ ಕೆಂಪು. "ಇದರಲ್ಲಿ ನನಗೇನೂ ಕಾಣಲ್ಲಮ್ಮಾ," ಅಂದರು ಡಾಕ್ಟರು. "ಉಂಡು ಮಲಗೋ ಜಾಗದಲ್ಲಿ ಆ ಕೆಲಸ ಬೇಡ. ಡಬ್ಬಿ ಎಸೀರಿ. ಕೈ ಬಂದ್ರೆ ಬರಬಹುದು. ಬರದೇನೂ ಇರಬಹುದು."

ಮಣಿಕಟ್ಟಿಗೆ ಒಂದು ಕಟ್ಟಿಗೆ ಪಟ್ಟಿ ಕಟ್ಟಿ ಕಳಿಸಿದರು.

ಹೊರಗೆ ಮೆಟ್ಟಿಲ ಮೇಲೆ ಮಾವ ಕೂತುಬಿಟ್ಟ. ಜಟಕಾ ಹತ್ತು ಅಂದರೂ ಏಳಲಿಲ್ಲ. ರಾಯರು ಪಕ್ಕದಲ್ಲಿ ಕೂತು, "ದೇವಿ ಸಿಟ್ಟಲ್ಲ ಅಂತ ಗೊತ್ತಾತಲ್ಲಪ್ಪಾ, ಅಷ್ಟು ಸಮಾಧಾನ ಪಡು," ಅಂದರು.

"ಏನ್ ಸಮಾಧಾನ ರಾಯರ?" ಅಂದ ಮಾವ. "ಅವ್ವ ಸಿಟ್ಟಾಗಿದ್ರ ಕಾಲು ಹಿಡೀಬೌದಿತ್ತು. ಡಬ್ಬಿಗಿ ಯಾವ ಕಾಲು ಐತ್ರಿ?"

ಇದು ತಾವು ತಂದ ಕೆಲಸ ಅನ್ನುವುದು ರಾಯರಿಗೆ ಆಗ ತಟ್ಟಿತು ಅಂತ ಕಾಣುತ್ತದೆ. ದಸರೆಯಲ್ಲಿ ಅವರ ಮನೆಗೆ ಹೋಗಿದ್ದೆ. ಮಣ್ಣಿನ ಗುಡ್ಡದ ಮೇಲೆ ನಮ್ಮ ಮೈಬಣ್ಣದವರು ನಿಂತಿದ್ದರು, ರುಮಾಲು ಸುತ್ತಿಕೊಂಡು. ಕೆಲಸ ಅರ್ಧಕ್ಕೇ ನಿಂತದ್ದರಿಂದ ಕೆಳಗೆ ಮುತ್ತಿಗೆ ಹಾಕಿದವರು ಇನ್ನೂ ಕೆಂಪು ಕೋಟಿನಲ್ಲೇ ಇದ್ದರು, ತಲೆಯ ಮೇಲೆ ಬಕೀಟು. ನೋಡಲು ಬಂದ ಹೆಂಗಸರು ಇದು ಯಾವ ಯುದ್ಧ ಅಂತ ಕೇಳಿದರೆ ರಾಯರು ಎದ್ದು ಒಳಗೆ ಹೋಗುತ್ತಿದ್ದರು.

ದೀಪಾವಳಿ ಬಂತು, ಹೋಯಿತು. ಮಾವನ ಬೆರಳು ಚೂರು ಚೂರು ಮಡಚುತ್ತಿದ್ದವು. ಮುಂಗೈ ಏಳಲಿಲ್ಲ. ಕುರುಗೋಡಿನಿಂದ ಹಿರಿಯರು ಬಂದರು. ಎರಡು ಮದುವೆ ನಿಂತಿವೆ, ಹೆಣ್ಣಿನ ಕಡೆಯವರು ಕೂಗಾಡುತ್ತಿದ್ದಾರೆ, ಯಾವಾಗ ಬರುತ್ತೀಯ ಅಂತ. ಮಾವ ಕೈಯನ್ನು ಹೊದಿಕೆಯೊಳಗೆ ಇಟ್ಟುಕೊಂಡೇ, "ಮಂಗಳವಾರ," ಅಂದ.

ಅವರು ಹೋದ ಮೇಲೆ ಅತ್ತೆ, "ಯಾವ ಕೈಲೆ?" ಅಂದಳು.

ಮಾವ ನನ್ನ ಕಡೆ ನೋಡಿದ.

"ನನ್ನಿಂದ ಆಗಂಗಿಲ್ಲ ಮಾವ. ನಾ ಕುದುರಿ ಕಣ್ಣು ಬರ್ಯೋನು."

"ಕಣ್ಣು ಕಣ್ಣಽ," ಅಂದ.

ಮಂಗಳವಾರ ಬೆಳಿಗ್ಗೆ ಕುರುಗೋಡಿನಲ್ಲಿ ಗುಡಿಯ ಮುಂದೆ ಮಂದಿ ಸೇರಿತ್ತು. ಒಬ್ಬ ಹಿರಿಯ ಬಾಗಿಲಲ್ಲಿ ಅಡ್ಡ ನಿಂತ. ಮಾವನ ಕೈಯ ಪಟ್ಟಿ ಕಂಡುಬಿಟ್ಟಿತ್ತು.

"ಯಾರು ಬರೀತಾರ?"

"ನಮ್ಮನಿ ಕೈ ಬರೀತೈತಿ."

"ಅಳಿಯ ನಿಮ್ಮನಿ ಕೈ ಹೆಂಗಾಗ್ತಾನ? ಅವ ಸಿರುಗುಪ್ಪದೋರ ಮನಿ ಕೂಸು."

"ನಾ ಉಣಿಸೀನಿ, ನಾ ಕಲಿಸೀನಿ, ನನ್ನ ವಿಷಾನೂ ಪಾಲು ತಿಂದಾನ. ಇನ್ನೇನ್ ಬೇಕು? ಸರೀರಿ."

ಹಿರಿಯನಿಗೆ ವಿಷದ ಮಾತು ತಿಳಿಯಲಿಲ್ಲ. ಮಾವನ ದನಿ ತಿಳಿಯಿತು. ಸರಿದ.

ಒಳಗೆ ನಾನು, ಮಾವ, ಪರದೆಯ ಹಿಂದೆ ಅಮ್ಮ. ಮಾವ ಎಡಗೈಯಿಂದ ಪರದೆ ಸರಿಸಿದ. ಮುಖ ಇದೆ, ಮೂಗು ಇದೆ, ತುಟಿ ಇದೆ, ಕಣ್ಣಿನ ಜಾಗದಲ್ಲಿ ಬರೀ ನುಣುಪು. ನಮ್ಮ ಹಳೇ ಕಲ್ಲಿನ ಬಿಳಿಯನ್ನು ಅತ್ತೆ ಅರೆದು ಕೊಟ್ಟಿದ್ದಳು. ಸಫೇದ ಇರಲಿಲ್ಲ. ಸೀಸ ಇರಲಿಲ್ಲ. ಆ ಬಣ್ಣವನ್ನು ಮಾವನ ಅಪ್ಪ, ಅಜ್ಜ ನಾಲಿಗೆಯ ಮೇಲೆ ಇಟ್ಟು ಮುದುಕರಾಗಿ ಸತ್ತಿದ್ದರು. ಅದರಿಂದ ಏನೂ ಆಗುವುದಿಲ್ಲ ಅಂತ ನನಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು.

ಸ್ನಾನ ಆಗಿತ್ತು, ಉಪವಾಸ ಇದ್ದೆ. ಕುಂಚ ಎತ್ತಿಕೊಂಡೆ. ರೀತಿಯ ಪ್ರಕಾರ ನಾಲಿಗೆ ಚಾಚಿದೆ.

ಮಾವನ ಬಲತೋಳು ಭುಜದಿಂದ ಬೀಸಿ ಬಂತು. ಒಳಗೆ ಬರುವಾಗ ಪಟ್ಟಿ ಬಿಚ್ಚಿಟ್ಟಿದ್ದ. ಆ ಜೋತ ಕೈ, ಒದ್ದೆ ಬಟ್ಟೆಯ ಹಾಗೆ ನನ್ನ ಕೆನ್ನೆಗೆ ಬಡಿಯಿತು. ಕುಂಚ ಹಾರಿ ಬಿತ್ತು. ನನಗೆ ನೋವಾಗಲಿಲ್ಲ. ಆ ಕೈಗೆ ನೋವು ಮಾಡುವ ಶಕ್ತಿ ಇರಲಿಲ್ಲ. ಆದರೆ ಅಮ್ಮನ ಮುಂದೆ, ಮಾತೇ ಆಡಬಾರದ ಹೊತ್ತಿನಲ್ಲಿ, ಆ ರೀತಿಯನ್ನು ನನಗೆ ಕಲಿಸಿದವನೇ ಹೊಡೆದಿದ್ದ.

"ನೀರಾಗ ಅದ್ದು," ಅಂದ.

"ಮಾವ, ಇದು ಕಲ್ಲಿನ ಬಣ್ಣ..."

"ಯಾವುದರ ಇರ್ಲಿ. ನೀರಾಗ ಅದ್ದಲೇ."

ಪೂಜೆಯ ತಂಬಿಗೆಯನ್ನು ಎಡಗೈಯಿಂದ ನನ್ನ ಮುಂದೆ ತಳ್ಳಿದ. ಅವನ ಮುಖ ಗೋಡೆಯ ಕಡೆ ಇತ್ತು. ನಾನು ನೀರಿನಲ್ಲಿ ಮೊನೆ ಮಾಡಿದೆ. ಎರಡು ಕಣ್ಣೂ ಬರೆದೆ. ಬಲಗಣ್ಣು ಕೂದಲೆಳೆಯಷ್ಟು ಮೇಲೆ ಹೋಗಿದೆ, ಈಗಲೂ ನೋಡಬಹುದು. ಮಾವ ತಿರುಗಿ ನೋಡಿದ. ಎದ್ದು ಹೋಗಿ ಭುಜ ಕೊಟ್ಟು ಬಾಗಿಲು ನೂಕಿದ. ಹೊರಗಿನ ಮಂದಿ ಕೈ ಮುಗಿದರು. ಆ ವಾರವೇ ಎರಡೂ ಮದುವೆ ಆದವು.

ಇಷ್ಟೇ. ಮುಂದೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.